ಆರ್ವಿಲ್ ಟೆಸ್ಕಿಯ ಹೆಸರಿನಲ್ಲಿ

ನೆಬ್ರಾಸ್ಕಾದ ಆ ಸಣ್ಣ ಊರಿನಲ್ಲಿ ಆರ್ಡಿಸ್ ಬಾಡಿಗೆಗಿದ್ದ ಮನೆ ಮಾರಾಟಕ್ಕೆ ಬಂದಿತ್ತು. ತಾನೇ ಕೊಳ್ಳೋಣವೆಂದು ಸಾಲ ಕೇಳಲು ಬ್ಯಾಂಕಿಗೆ ಹೋದಳು. ಗುಮಾಸ್ತೆ ಮಾರ್ಲಾ ಅವಳ ಕ್ರೆಡಿಟ್ ವರದಿಯನ್ನು, ಅಂದರೆ ಸಾಲ-ಬಿಲ್ಲು ಕಟ್ಟಿದ ದಾಖಲೆಯನ್ನು, ಮುಂದಿಟ್ಟಳು. ಹೆಸರು, ವಿಳಾಸ ಬಿಟ್ಟರೆ ಹಾಳೆಯಲ್ಲಿ ಏನೂ ಇರಲಿಲ್ಲ.

"ನಿಮ್ಗೆ ಸ್ಕೋರೇ ಇಲ್ಲ, ಮಿಸೆಸ್ ಟೆಸ್ಕಿ. ಕೆಟ್ಟದು ಅಂತಲ್ಲ. ನೀವು ಸಾಲ ಹೇಗೆ ಕಟ್ತೀರಿ ಅನ್ನೋದು ಸ್ಕೋರ್ ಹಾಕೋ ಕಂಪನಿಯೋರಿಗೆ ಗೊತ್ತೇ ಇಲ್ಲ."

"ನಲವತ್ತು ವರ್ಷ ಎಲ್ಲಾ ಬಿಲ್ಲು, ಕ್ರೆಡಿಟ್ ಕಾರ್ಡು ಕಟ್ಟಿದೋಳು ನಾನು. ನನ್ನ ಗಂಡ ಆರ್ವಿಲ್‌ಗೆ ಬಿಲ್ಲಿನ ಲಕೋಟೆ ಮೇಲೆ ಸ್ಟಾಂಪ್ ಎಲ್ಲಿ ಅಂಟಿಸ್ಬೇಕು ಅಂತ್ಲೂ ಗೊತ್ತಿರ್ಲಿಲ್ಲ."

"ಎಲ್ಲಾ ಅವ್ರ ಹೆಸರಲ್ಲೇ ಇತ್ತಲ್ಲ, ಒಳ್ಳೇ ಹೆಸ್ರೂ ಅವ್ರಿಗೇ ಹೋಯ್ತು. ಅವ್ರು ತೀರ್ಕೊಂಡ್ಮೇಲೂ ಬದಲಾಯಿಸ್ಲಿಲ್ವಾ?"

ಆರ್ಡಿಸ್ ಇಲ್ಲವೆಂದು ತಲೆಯಾಡಿಸಿದಳು. ಗಂಡ ಸತ್ತು ಎರಡು ವರ್ಷವಾದರೂ ಕರೆಂಟ್ ಬಿಲ್ಲಿನಿಂದ ಅವನನ್ನು ತೆಗೆಸಲು ಅವಳಿಗೆ ಮನಸ್ಸು ಬಂದಿರಲಿಲ್ಲ.

"ಒಂದು ವರ್ಷ ಬಾಡಿಗೆ, ಕರೆಂಟು ನಿಮ್ಮ ಹೆಸರಲ್ಲೇ ಕಟ್ಟಿ, ರಸೀದಿ ತನ್ನಿ. ಅದನ್ನ ನೋಡಿ ಸಾಲ ಕೊಡ್ಬೋದು. ಮನೆ ಮಾಲೀಕ್ರು ಅಲ್ಲೀತನಕ ಕಾಯ್ತಾರಾ?"

"ಕೇಳಿ ನೋಡ್ತೀನಿ."

ಮನೆಯ ಒಡೆಯ ಮುಂದಿನ ವರ್ಷದ ಮೆಕ್ಕೆಜೋಳದ ಕೊಯ್ಲಿನ ತನಕ ಕಾಯಲು ಒಪ್ಪಿದ. ಮರುದಿನ ಬೆಳಿಗ್ಗೆ ಆರ್ಡಿಸ್ ವಿದ್ಯುತ್ ಕಚೇರಿಗೆ ಹೋದಳು.

"ಆರ್ವಿಲ್ ಟೆಸ್ಕಿ ಅನ್ನೋ ಹೆಸರು ತೆಗೀಬೇಕಾ?" ಎಂದು ಅಲ್ಲಿದ್ದ ಹೆಂಗಸು ಕೇಳಿದಳು.

ಆರ್ಡಿಸ್ ಹಳೆಯ ಬಿಲ್ಲನ್ನು ಕೌಂಟರಿನ ಮೇಲಿಟ್ಟಳು.

"ತೆಗೀರಿ," ಎಂದಳು. "ನನ್ನದು ಬರ್ಕೊಳ್ಳಿ."