ವಗ್ದಿ ಕೂಗಿದ ಸಂಜೆ

ನಕ್ಕವರಲ್ಲಿ ನಾನೂ ಒಬ್ಬ, ಸುಳ್ಳು ಯಾಕೆ ಹೇಳಲಿ?

ಕೈರೋದ ಶುಬ್ರಾದಲ್ಲಿ, ನನ್ನ ಇಸ್ತ್ರಿ ಅಂಗಡಿಯ ಮೇಲಿನ ಮನೆ ವಗ್ದಿ ತುಲ್ಬಾನದು. ಇಪ್ಪತ್ತು ವರ್ಷ, ಪ್ರತಿ ರಂಜಾನಿನಲ್ಲೂ, ಟಿವಿಯ ಹಾಸ್ಯ ಧಾರಾವಾಹಿಯಲ್ಲಿ ಅವನೇ ಪೆದ್ದ ಕಾವಲುಗಾರ. ಏನೇ ಆಗಲಿ, ಎರಡೂ ಕೈ ತಲೆಯ ಮೇಲಿಟ್ಟು, "ಅಯ್ಯೋ, ನನ್ನ ಮನೆ ಹಾಳಾಯ್ತು!" ಎಂದು ಮೊಣಕಾಲೂರುತ್ತಿದ್ದ. ಊರೇ ಬಿದ್ದು ಬಿದ್ದು ನಗುತ್ತಿತ್ತು. ಗಂಭೀರ ಪಾತ್ರ ಕೇಳಿಕೊಂಡು ಹೋದರೆ ನಿರ್ದೇಶಕರೂ ನಕ್ಕರು. "ನೀನು ಅತ್ರೆ ಜನ ಹೊಟ್ಟೆ ಹಿಡ್ಕೋತಾರೆ ಕಣಯ್ಯಾ," ಅಂದರಂತೆ.

ನಗದವಳು ಅವನ ಹೆಂಡತಿ ಇನ್ಸಾಫ್ ಒಬ್ಬಳೇ. "ಇವರ ಮುಖದಲ್ಲಿ ನಗೋಕೇನಿದೆ, ಸಬ್ರಿ ಅಣ್ಣಾ?" ಎಂದು ಬಟ್ಟೆ ಕೊಡುವಾಗ ನನ್ನನ್ನೇ ಕೇಳುತ್ತಿದ್ದಳು.

ಆ ಸಂಜೆ ಉಪವಾಸ ಬಿಡುವ ಬಾಂಗು ಆಗಷ್ಟೇ ಮುಗಿದಿತ್ತು. ಓಣಿಯುದ್ದಕ್ಕೂ ಹಾಕಿದ್ದ ಧರ್ಮದೂಟದ ಮೇಜಿನಲ್ಲಿ ನಾವು ನಲವತ್ತು ಜನ ಖರ್ಜೂರ ಬಾಯಿಗಿಟ್ಟಿದ್ದೆವು. ವಗ್ದಿ ಬರಿಗಾಲಲ್ಲಿ ಮೆಟ್ಟಿಲಿಳಿದು ಓಡಿಬಂದ. ಎರಡೂ ಕೈ ತಲೆಯ ಮೇಲೆ.

"ಅಯ್ಯೋ, ನನ್ನ ಮನೆ ಹಾಳಾಯ್ತು! ಇನ್ಸಾಫ್ ಬಿದ್ದಿದ್ದಾಳೆ, ಉಸಿರಾಡ್ತಿಲ್ಲ! ಯಾರಾದ್ರೂ ಕಾರ್ ತೆಗೀರಪ್ಪಾ!"

ಮೇಜಿಗೆ ಮೇಜೇ ಗೊಳ್ಳೆಂದಿತು. ರಂಜಾನ್ ಬಂತೆಂದರೆ ಟಿವಿಯವರು ಎಲ್ಲೋ ಕ್ಯಾಮೆರಾ ಬಚ್ಚಿಟ್ಟು ದಾರಿಹೋಕರನ್ನು ಮಂಗ ಮಾಡಿ ತೋರಿಸುತ್ತಾರಲ್ಲ, ಇದೂ ಅದೇ ಅಂದುಕೊಂಡೆವು. ಒಬ್ಬ ಕೂದಲು ಸರಿಮಾಡಿಕೊಂಡ. ಟ್ಯಾಕ್ಸಿಯ ಹಮ್ಮೂದಾ, "ಕ್ಯಾಮೆರಾ ಎಲ್ಲಿಟ್ಟಿದೀರಿ ಉಸ್ತಾದರೇ, ಆ ಬಾಲ್ಕನೀಲಾ?" ಎಂದು ಮೇಲಕ್ಕೆ ಕೈಬೀಸಿದ.

"ನಾಟಕ ಅಲ್ರೋ! ನಿಮ್ಮ ಕಾಲಿಗೆ ಬೀಳ್ತೀನಿ!"

ಬಿದ್ದೇಬಿಟ್ಟ, ಮೊಣಕಾಲೂರಿ. ನಗು ಇನ್ನೂ ಜೋರಾಯಿತು. ನಾನು, ಈ ದರಿದ್ರ ಬಾಯಿಂದಲೇ, "ಇನ್ನೊಂದ್ಸಲ ಮಾಡಿ!" ಎಂದು ಕೂಗಿದೆ.

ಸಾರು ಬಡಿಸುತ್ತಿದ್ದ ಮುದುಕಿ ಉಮ್ ಶಹಾತಾ ಅವನ ಮುಖ ನೋಡಿದವಳೇ ಸೌಟು ಬಿಸಾಡಿ ಮೇಲೆ ಓಡಿದಳು. ಅವಳ ಚೀರಾಟ ಕೇಳಿದ ಮೇಲೆ ನಾವು ಎದ್ದೆವು. ಹಮ್ಮೂದಾನ ಟ್ಯಾಕ್ಸಿ ಆಸ್ಪತ್ರೆ ಮುಟ್ಟಿದಾಗ ಡಾಕ್ಟರು, "ಹತ್ತು ನಿಮಿಷ ಮುಂಚೆ ತರೋಕಾಗ್ಲಿಲ್ವಾ?" ಎಂದರು.

ಮೂರನೆಯ ದಿನ, ಸಾವಿನ ಶಾಮಿಯಾನದಲ್ಲಿ, ನಾನು ಅವನ ಕೈ ಹಿಡಿದು ಅತ್ತೆ. "ಹೊಡೀರಿ ನನ್ನ. ಬಾಯಿಗೆ ಬಂದ ಹಾಗೆ ಬೈಯಿರಿ." ಅವನು ಬೈಯಲಿಲ್ಲ. ಮೊದಲ ಪಾತ್ರಕ್ಕೆ ಬಂದ ನಟ ನಿರ್ದೇಶಕನನ್ನು ಕೇಳುವ ಹಾಗೆ, ವಿನಯದಿಂದ ಕೇಳಿದ:

"ಸಬ್ರಿ, ಹೇಗೆ ಹೇಳಿದ್ರೆ ನಂಬ್ತಿದ್ದೆ? ಮೆಲ್ಲಗೆ ಹೇಳ್ಬೇಕಿತ್ತಾ?"

ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ತಗ್ಗಿದ ದನಿಯಲ್ಲಿ ಹೇಳಿ ತೋರಿಸಿದ. "ಇನ್ಸಾಫ್ ಬಿದ್ದಿದ್ದಾಳೆ. ಕಾರ್ ತೆಗೀರಿ."

ಆಮೇಲೆ ನನ್ನ ಮುಖವನ್ನೇ ನೋಡುತ್ತಾ ಕೂತ. "ಈಗ ನಂಬ್ತೀಯಾ?"