ಭಾನುವಾರ ಇಳಿಯದ ಶುಗರ್

ಮಾವ ಬೋರಲಿಂಗಯ್ಯನವರ ಬಲಗಾಲಿನ ಹುಣ್ಣು ಕೊಳೆಯತೊಡಗಿ, ತಮ್ಮ ಹಳ್ಳಿ ಕಲ್ಯದಿಂದ ಅವರನ್ನು ಮಾಗಡಿಯ ನರ್ಸಿಂಗ್ ಹೋಮಿಗೆ ತಂದು ಸೇರಿಸಿ ಎಂಟು ದಿನವಾಗಿತ್ತು. ಎಂಟು ದಿನವೂ ಬೆಳಗಿನ ಸ್ನಾನದ ಹೊತ್ತು ಬಿಟ್ಟರೆ ಮಂಚದ ಪಕ್ಕದ ಸ್ಟೂಲಿನಿಂದ ಏಳದೆ ಕೂತಿದ್ದವಳು ಸೊಸೆ ಲತಾಮಣಿ. ಕೂತೂ ಕೂತೂ ಅವಳ ಮನಸ್ಸಿನಲ್ಲಿ ಒಂದು ಮಾತು ಗಟ್ಟಿಯಾಗಿಬಿಟ್ಟಿತ್ತು. ದಯಾನಂದ್ ಅನ್ನುವ ಆ ನರ್ಸು ಮಾವನಿಗೆ ಏನೋ ಮಾಡುತ್ತಿದ್ದಾನೆ.

ಮೊದಲ ದಿನವೇ ಅವಳಿಗೆ ಅವನು ಹಿಡಿಸಿರಲಿಲ್ಲ. ನರ್ಸು ಅಂದರೆ ಹೆಂಗಸು ಎಂದೇ ಅವಳು ತಿಳಿದಿದ್ದಳು. ಇಲ್ಲಿ ನೋಡಿದರೆ ನಲವತ್ತರ ಗಂಡಸು. ವಾರ್ಡಿನವರೆಲ್ಲ ‘ಬ್ರದರ್’ ಎಂದು ಕರೆಯುತ್ತಿದ್ದರು. ನಗುವವನಲ್ಲ, ಕೇಳಿದ್ದಕ್ಕೆ ಎರಡು ಮಾತಿಗಿಂತ ಹೆಚ್ಚು ಆಡುವವನಲ್ಲ. ಸಿರಿಂಜಿಗೆ ಔಷಧಿ ತುಂಬುವಾಗ ಇವರಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದ. ಯಾಕೆ ಬೆನ್ನು ಮಾಡಬೇಕು? ಒಳ್ಳೆಯ ಔಷಧಿಯಾದರೆ ಎದುರಿಗೇ ತುಂಬಲಿ. ವಾರ್ಡು ಗುಡಿಸುವ ರೋಶನ್ ಬೀಯನ್ನು ಮೆಲ್ಲಗೆ ಕೇಳಿದಾಗ, ಅವನು ಮೊದಲಿದ್ದ ಆಸ್ಪತ್ರೆಯಲ್ಲಿ ಏನೋ ಜಗಳವಾಗಿ ಬಿಟ್ಟು ಬಂದವನಂತೆ, ತನಗೂ ಪೂರ್ತಿ ಗೊತ್ತಿಲ್ಲ ಎಂದಿದ್ದಳು. ಲತಾಮಣಿಗೆ ಅಷ್ಟು ಸಾಕಾಗಿತ್ತು.

ಇದೆಲ್ಲ ಬರೀ ಅನುಮಾನವಾಗಿ ಉಳಿಯುತ್ತಿತ್ತೇನೋ. ಆದರೆ ಗುರುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬೋರಲಿಂಗಯ್ಯನವರು ಇದ್ದಕ್ಕಿದ್ದಂತೆ ಬೆವರಿ ನೀರಾದರು. ಕೈ ನಡುಗಿತು. ಸೊಸೆಯನ್ನೇ ‘ಯಾರಮ್ಮ ನೀನು’ ಎಂದು ಕೇಳಿದರು. ದಯಾನಂದ್ ಓಡಿಬಂದು ಬೆರಳಿಗೆ ಸೂಜಿ ಚುಚ್ಚಿ ನೋಡಿದರೆ, ನೂರರ ಮೇಲಿರಬೇಕಾಗಿದ್ದ ಶುಗರ್ ನಲವತ್ತೆಂಟಕ್ಕೆ ಇಳಿದಿತ್ತು. ಅವನು ನರಕ್ಕೆ ಗ್ಲೂಕೋಸ್ ಏರಿಸಿದ. ಹತ್ತು ನಿಮಿಷದಲ್ಲಿ ಮುದುಕರು ಎಚ್ಚೆತ್ತರು. ಶುಕ್ರವಾರವೂ ಹಾಗೇ ಆಯಿತು, ಶನಿವಾರವೂ ಆಯಿತು. ಡಾಕ್ಟರ್ ಮೆಹ್ರೀನ್ ಇನ್ಸುಲಿನ್ ಕಡಿಮೆ ಮಾಡಿದರು. ಶನಿವಾರ ಮಧ್ಯಾಹ್ನ ಪೂರ್ತಿ ನಿಲ್ಲಿಸಿಯೇಬಿಟ್ಟರು. ಭಾನುವಾರ ಏನೂ ಆಗಲಿಲ್ಲ. ಇನ್ಸುಲಿನ್ನೇ ಜಾಸ್ತಿಯಾಗಿತ್ತು, ಈಗ ಸರಿಹೋಯಿತು ಎಂದು ಡಾಕ್ಟರು ಸಮಾಧಾನಪಟ್ಟರು.

ಸೋಮವಾರ ಮತ್ತೆ ನಲವತ್ತೊಂದು.

ಇನ್ಸುಲಿನ್ ಕೊಡದಿದ್ದ ಮೇಲೆ ಶುಗರ್ ಇಳಿಯುವುದು ಹೇಗೆ? ಯಾರೋ ಕದ್ದು ಕೊಡುತ್ತಿರಬೇಕು. ಬೆಳಿಗ್ಗೆ ಎಂಟಕ್ಕೆ ಹುಣ್ಣಿನ ಇಂಜೆಕ್ಷನ್ ಹಾಕುವವನು ದಯಾನಂದ್. ಬೆನ್ನು ಮಾಡಿ ತುಂಬುವವನೂ ಅವನೇ. ಮೇಲಾಗಿ ಅವನು ಎರಡು ಸಲ ಅವಳನ್ನು ಪಕ್ಕಕ್ಕೆ ಕರೆದು, ಮನೆಯಿಂದ ಏನಾದರೂ ಔಷಧಿ ತಂದು ಕೊಡುತ್ತಿದ್ದೀರಾ ಎಂದು ಕೇಳಿದ್ದ. ಕೇಳುವಾಗ ಅವಳ ಮುಖವನ್ನೇ ದಿಟ್ಟಿಸಿದ್ದ. ತಾನು ಮಾಡಿದ್ದನ್ನು ನಮ್ಮ ತಲೆಗೆ ಕಟ್ಟುವ ಹುನ್ನಾರ ಎಂದುಕೊಂಡ ಲತಾಮಣಿಗೆ ಮೈಯೆಲ್ಲ ಉರಿದಿತ್ತು.

ಅವಳು ಸುಮ್ಮನೆ ಕೂರುವ ಪೈಕಿಯಲ್ಲ. ತಿಪ್ಪಸಂದ್ರದಲ್ಲಿ ಪಿಯುಸಿ ಮುಗಿಸಿ, ಹತ್ತೊಂಬತ್ತಕ್ಕೇ ಕೊಬ್ಬರಿ ವ್ಯಾಪಾರದ ಬಾಲರಾಜುವನ್ನು ಮದುವೆಯಾಗಿ ಕಲ್ಯಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಏಳು ವರ್ಷದ ಮಗಳ ಹಳೆಯ ನೋಟ್‌ಬುಕ್ಕೊಂದು ಚೀಲದಲ್ಲಿತ್ತು. ಗುರುವಾರದಿಂದ ಅದರಲ್ಲಿ ಎಲ್ಲವನ್ನೂ ಬರೆದಿಡತೊಡಗಿದ್ದಳು. ಎಷ್ಟು ಗಂಟೆಗೆ ಯಾರು ಬಂದರು, ಯಾವ ಇಂಜೆಕ್ಷನ್, ಮಾವ ಏನು ತಿಂದರು, ಎಷ್ಟು ಹೊತ್ತಿಗೆ ಬೆವರಿದರು, ಶುಗರ್ ಎಷ್ಟು. ಔಷಧಿಯ ಖಾಲಿ ಸೀಸೆಗಳನ್ನು ಕಸದ ಬುಟ್ಟಿಯಿಂದ ಎತ್ತಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟಿದ್ದಳು.

ಮಂಗಳವಾರವೂ ಶುಗರ್ ಇಳಿದಾಗ ಅವಳು ನೋಟ್‌ಬುಕ್ಕು, ಕವರು ಎರಡನ್ನೂ ತೆಗೆದುಕೊಂಡು ನೇರ ಡಾಕ್ಟರ ಕೋಣೆಗೆ ನಡೆದಳು. ಆ ಮನುಷ್ಯ ನಮ್ಮ ಮಾವನ ಹತ್ತಿರ ಸುಳಿಯಕೂಡದು, ಸುಳಿದರೆ ಪೊಲೀಸ್ ಸ್ಟೇಷನ್ನಿಗೆ ಹೋಗುತ್ತೇನೆ ಎಂದಳು. ಡಾಕ್ಟರ್ ಮೆಹ್ರೀನ್ ಸೀಸೆಗಳನ್ನು ಒಂದೊಂದಾಗಿ ನೋಡಿದರು. ಎಲ್ಲ ತಾವೇ ಬರೆದುಕೊಟ್ಟವು. ಆದರೂ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇವೆ ಎಂದು ಬಾಲರಾಜುವೂ ದನಿ ಏರಿಸಿದ್ದರಿಂದ, ದಯಾನಂದನನ್ನು ಕೆಳಗಿನ ಹೊರರೋಗಿ ವಿಭಾಗಕ್ಕೆ ಕಳಿಸಿದರು. ಅವನು ಟ್ರೇ ಒರೆಸಿಟ್ಟು, ಕವನ ಎಂಬ ಹುಡುಗಿಗೆ ಎಲ್ಲ ರೋಗಿಗಳ ವಿಷಯ ಒಪ್ಪಿಸಿ, ಮೆಟ್ಟಿಲಿಳಿದು ಹೋದ. ವಾರ್ಡಿನವರೆಲ್ಲ ನೋಡುತ್ತಿದ್ದರು. ಲತಾಮಣಿಗೆ ಗೆದ್ದ ಹಾಗಾಯಿತು.

ಬುಧವಾರ ಬೆಳಿಗ್ಗೆ ಕವನ ಇಂಜೆಕ್ಷನ್ ಹಾಕಿದಳು, ಎದುರಿಗೇ ತುಂಬಿಸಿ ಹಾಕಿದಳು. ಹತ್ತೂ ಮುಕ್ಕಾಲಕ್ಕೆ ಬೋರಲಿಂಗಯ್ಯನವರ ಹಣೆ ಒದ್ದೆಯಾಯಿತು. ಶುಗರ್ ಮೂವತ್ತೊಂಬತ್ತು. ಈ ಸಲ ಅವರು ಕಣ್ಣು ಮೇಲೆ ಮಾಡಿದ್ದರು. ಕವನ ಅವಸರದಲ್ಲಿ ಗ್ಲೂಕೋಸ್ ಏರಿಸಿದಳು.

ಲತಾಮಣಿ ಹೊರಗೆ ಬಂದಳು. ಹಾಗಾದರೆ ಯಾರು? ಅವಳು ಮೆಟ್ಟಿಲಿಳಿದು ಹೊರರೋಗಿ ವಿಭಾಗಕ್ಕೆ ಹೋದಳು. ದಯಾನಂದ್ ಒಂದು ಮಗುವಿನ ಮೊಣಕಾಲಿಗೆ ಪಟ್ಟಿ ಕಟ್ಟುತ್ತಿದ್ದ. ಕಟ್ಟಿ ಮುಗಿಸುವವರೆಗೂ ಅವಳು ಕಾದಳು. ಮತ್ತೆ ಇಳಿಯಿತು ಎಂದಷ್ಟೇ ಹೇಳಿದಳು. ಅವನು ಅದಕ್ಕೆ ಖುಷಿಪಡಲಿಲ್ಲ. ಎಷ್ಟಕ್ಕೆ, ಈಗ ಎಚ್ಚರವಿದ್ದಾರಾ ಎಂದು ಕೇಳಿದ. ಆಮೇಲೆ ಕೈ ಚಾಚಿದ.

“ಬರ್ದಿದೀರಂತಲ್ಲ, ಆ ಬುಕ್ ಕೊಡಿ.”

ಬೆಂಚಿನ ಮೇಲೆ ಕೂತು ನಿಧಾನವಾಗಿ ಓದಿದ. ಓದಲು ಕಿಟಕಿಯತ್ತ ತಿರುಗಿ ಪುಟವನ್ನು ಬೆಳಕಿಗೆ ಹಿಡಿದ. ಮೇಲಿನ ವಾರ್ಡಿನಲ್ಲೂ ಇವನು ತಿರುಗುತ್ತಿದ್ದದ್ದು ಕಿಟಕಿಯ ಕಡೆಗೇ ಎಂಬುದು ಅವಳಿಗೆ ಆಗ ಹೊಳೆಯಿತು; ಸಿರಿಂಜಿನ ಸಣ್ಣ ಗೀಟು ಕಾಣಲು ಬೆಳಕು ಬೇಕು. ಅವಳು ತಲೆ ತಗ್ಗಿಸಿದಳು.

“ಇದ್ನ ನೋಡಮ್ಮ. ಭಾನುವಾರ ಡ್ಯೂಟಿಲಿದ್ದೋನು ನಾನೇ. ಇಂಜೆಕ್ಷನ್ ಹಾಕ್ದೋನೂ ನಾನೇ. ಅವತ್ತು ಇಳೀಲಿಲ್ಲ. ಇವತ್ತು ನಾನಿರ್ಲಿಲ್ಲ, ಇಳೀತು.” ಅವನು ಪುಟದ ಮೇಲೆ ಬೆರಳಿಟ್ಟ. “ಭಾನುವಾರ ತಿಂಡಿ ಹೋಟ್ಲು ಇಡ್ಲಿ ಅಂತ ಬರ್ದಿದೀರ. ಮಿಕ್ಕಿದ್ ದಿನ ರೊಟ್ಟಿ, ಮಜ್ಜಿಗೆ. ಭಾನುವಾರ ಯಾರು ಬಂದಿರ್ಲಿಲ್ಲ?”

ಅವಳಿಗೆ ಉತ್ತರ ಗೊತ್ತಿತ್ತು. ಭಾನುವಾರ ತಿಪ್ಪಸಂದ್ರದಲ್ಲಿ ತಂಗಿಯ ಮೊಮ್ಮಗುವಿನ ತೊಟ್ಟಿಲ ಶಾಸ್ತ್ರಕ್ಕೆಂದು ಹೋಗಿದ್ದವರು ಅತ್ತೆ ಕೆಂಚಮ್ಮ. ಮಿಕ್ಕ ದಿನವೆಲ್ಲ ಬೆಳಗಿನ ಬಸ್ಸಿಗೆ ಕ್ಯಾರಿಯರ್ ಹಿಡಿದು ಬರುವವರೂ ಅವರೇ. ಲತಾಮಣಿ ಸ್ನಾನಕ್ಕೆಂದು ಹೋಗುವುದೂ ಅದೇ ಹೊತ್ತಿನಲ್ಲಿ.

ಗುರುವಾರ ಅವಳು ಸ್ನಾನಕ್ಕೆ ಹೋದಂತೆ ಮಾಡಿ, ವಾರ್ಡಿನ ಬಾಗಿಲ ಮರೆಯಲ್ಲಿ ನಿಂತಳು. ನಲವತ್ತು ವರ್ಷ ಸಂಸಾರ ಮಾಡಿದ ಹೆಂಗಸನ್ನು ಹೀಗೆ ಕದ್ದು ನೋಡುತ್ತಿದ್ದೇನಲ್ಲ ಎಂದು ಅವಳಿಗೆ ಕಸಿವಿಸಿಯಾಯಿತು. ಕೆಂಚಮ್ಮ ಗಂಡನಿಗೆ ರೊಟ್ಟಿ ಮುರಿದು ತಿನ್ನಿಸಿದರು, ಬಾಯಿ ಒರೆಸಿದರು. ಲೋಟಕ್ಕೆ ಮಜ್ಜಿಗೆ ಬಗ್ಗಿಸಿದರು. ಆಮೇಲೆ ಅತ್ತಿತ್ತ ನೋಡಿ, ಎಲೆಅಡಿಕೆ ಚೀಲದಿಂದ ಕಾಗದದ ಪೊಟ್ಟಣ ತೆಗೆದು, ಕಂದುಬಣ್ಣದ ಪುಡಿಯನ್ನು ಲೋಟಕ್ಕೆ ಸುರಿದು ಬೆರಳಿನಿಂದ ಕದಡಿದರು.

ಲತಾಮಣಿ ಹೋಗಿ ಲೋಟದ ಮೇಲೆ ಕೈಯಿಟ್ಟಳು.

“ಬ್ಯಾಡಿ ಅತ್ತೆ.”

ಕೆಂಚಮ್ಮ ಸೊಸೆಯ ಕೈಯನ್ನು ತಳ್ಳಲು ನೋಡಿದರು, ಆಗಲಿಲ್ಲ.

“ಕಾಲ್ ತಗೀತಾರಂತೆ ಕಣಮ್ಮಿ. ಡಾಕ್ಟ್ರಮ್ಮ ಫೋನಲ್ಲಿ ಮಾತಾಡ್ತಿದ್ದುದ್ನ ನಾನೇ ಕೇಳುಸ್ಕಂಡೆ. ಇದು ನಾಟಿ ಔಸ್ದಿ. ಒಂದ್ ಮಂಡಲ ಕುಡುದ್ರೆ ಹುಣ್ಣು ಒಣಗ್ತದೆ ಅಂದ್ರು. ಬಾಲರಾಜಂಗೆ ಯೋಳ್ಬ್ಯಾಡ.”

ಒಂದು ಗಳಿಗೆ ಲತಾಮಣಿಗೆ ಪೊಟ್ಟಣವನ್ನು ಕಸಕ್ಕೆಸೆದು ಸುಮ್ಮನಾಗಿಬಿಡೋಣ ಅನ್ನಿಸಿತು. ಹಾಗೆ ಮಾಡಿದ್ದರೆ ಮನೆಯ ಮಾನ ಉಳಿಯುತ್ತಿತ್ತು. ಆದರೆ ಕೆಳಗೆ ಒಬ್ಬ ಮನುಷ್ಯ ಮಾಡದ ತಪ್ಪಿಗೆ ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದ. ಆ ಪುಡಿಯಲ್ಲಿ ಏನಿದೆಯೋ ತಿಳಿಯದೆ ಮಾವನನ್ನು ಉಳಿಸುವುದೂ ಸಾಧ್ಯವಿರಲಿಲ್ಲ. ಅವಳು ಪೊಟ್ಟಣವನ್ನು ದಯಾನಂದನ ಕೈಗೆ ಕೊಟ್ಟಳು. ಸಕ್ಕರೆ ಕಾಯಿಲೆಯ ಮಾತ್ರೆಗಳನ್ನೇ ಅರೆದು ಪುಡಿಗೆ ಬೆರೆಸಿ ಮಾರುವವರಿದ್ದಾರೆ, ಅಳತೆಯೇ ಇರುವುದಿಲ್ಲ ಎಂದು ಅವನು ಹೇಳಿದ. ಡಾಕ್ಟರು ಅದನ್ನು ಪರೀಕ್ಷೆಗೆ ಕಳಿಸಿದರು. ವಾರ ಕಳೆದು ಬಂದ ಉತ್ತರವೂ ಅದೇ ಆಗಿತ್ತು. ಪುಡಿ ನಿಂತ ಮೇಲೆ ಶುಗರ್ ಮತ್ತೆ ಇಳಿಯಲಿಲ್ಲ. ಹುಣ್ಣಿಗೆ ಎರಡು ಕಾಲ್ಬೆರಳು ಹೋದವು. ಕಾಲು ಉಳಿಯಿತು.

ಪೊಟ್ಟಣ ಸಿಕ್ಕ ಮರುದಿನ, ಶುಕ್ರವಾರವೇ ದಯಾನಂದ್ ವಾರ್ಡಿಗೆ ಮರಳಿದ. ಎಲ್ಲರ ಎದುರಿಗೆ ತಪ್ಪಾಯಿತು ಎಂದಳು ಲತಾಮಣಿ. ತನಗೂ ಅವಳ ಮೇಲೇ ಅನುಮಾನವಿತ್ತು ಎಂದು ಅವನು ಒಪ್ಪಿಕೊಂಡ. ಹಿಂದಿನ ಆಸ್ಪತ್ರೆಯ ಜಗಳವನ್ನೂ ಅವಳು ಕೇಳಿಯೇಬಿಟ್ಟಳು. ತಡವಾಗಿ ಕೊಟ್ಟ ಔಷಧಿಯನ್ನು ಹೊತ್ತಿಗೆ ಸರಿಯಾಗಿ ಕೊಟ್ಟಂತೆ ಸುಳ್ಳು ಬರೆ ಎಂದರಂತೆ, ಬರೆಯುವುದಿಲ್ಲ ಎಂದನಂತೆ. ಅಷ್ಟೇ.

ಮನೆಗೆ ಕಳಿಸುವ ಮೊದಲು ಅವನು ಅವಳಿಗೆ ಗಾಯ ತೊಳೆದು ಪಟ್ಟಿ ಕಟ್ಟುವುದನ್ನು ಹೇಳಿಕೊಟ್ಟ. ಕೈ ತೊಳೆಯುವುದನ್ನೇ ಮೂರು ಸಲ ಮಾಡಿಸಿದ. ಹಳ್ಳಿಯಲ್ಲಿ ಮೂರು ತಿಂಗಳು ದಿನ ಬಿಟ್ಟು ದಿನ ಅವಳೇ ಪಟ್ಟಿ ಬದಲಿಸಿದಳು. ಕೀವು ನಿಂತು, ಕೆಂಪು ಮಾಂಸ ಚಿಗುರಿ, ಅಂಚಿನಿಂದ ಹೊಸ ಚರ್ಮ ಮುಚ್ಚಿಕೊಂಡು ಬರುವುದನ್ನು ಅವಳು ಪ್ರತಿ ಸಲವೂ ಕಂಡಳು. ಇಷ್ಟೊಂದು ಹಿಡಿಸಿದ ಕೆಲಸ ಅವಳಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಬೀದಿಯವರೂ ಸುಟ್ಟಗಾಯ, ಕುಡುಗೋಲಿನ ಗಾಯ ಎಂದು ಬರತೊಡಗಿದರು.

ಕೊನೆಯ ತಪಾಸಣೆಗೆ ಬಂದ ದಿನ, ನರ್ಸಿಂಗ್ ಓದಲು ತನಗೆ ಆಗುತ್ತದೆಯೇ ಎಂದು ದಯಾನಂದನನ್ನು ಕೇಳಿದಳು. ಅವನು ಹುರಿದುಂಬಿಸಲೂ ಇಲ್ಲ, ಬೇಡವೆನ್ನಲೂ ಇಲ್ಲ. ಮೂರು ವರ್ಷ, ಬಸ್ಸಿನ ಓಡಾಟ, ನಿಂತು ನಿಂತು ಕಾಲು ಸೇದಿಹೋಗುತ್ತದೆ, ಹೊಗಳುವವರು ಕಡಿಮೆ ಎಂದ. ಆಮೇಲೆ ಅರ್ಜಿ ಎಲ್ಲಿ ಸಿಗುತ್ತದೆ ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟ.

ಮನೆಯಲ್ಲಿ ಮಾತು ಎತ್ತಿದಾಗ ಬಾಲರಾಜು ಮುಖ ತಿರುಗಿಸಿದ. ಪುಡಿಯ ಸಂಗತಿಯಿಂದ ಸೊಸೆಯೊಡನೆ ಮಾತು ಬಿಟ್ಟಿದ್ದ ಕೆಂಚಮ್ಮ ಅವತ್ತು ಬಾಯಿ ತೆರೆದರು. ಕಂಡ ಗಂಡಸರ ಮೈ ಮುಟ್ಟುವ ಕೆಲಸ ನಮ್ಮ ಮನೆಗೆ ಬೇಡ ಎಂದರು. ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ ಬೋರಲಿಂಗಯ್ಯನವರು ಹೆಂಡತಿಯ ಕಡೆ ತಿರುಗಿದರು.

“ನನ್ನ ಉಚ್ಚೆ ಬಳ್ದೋನು, ಮೈ ಒರ್ಸ್ದೋನು ಯಾರೋ ಹೆತ್ತ ಮಗ. ಮುಟ್ಟಾಕಿಲ್ಲ ಅಂದಿದ್ರೆ ನಾನು ಈವೊತ್ತು ಇಲ್ಲಿ ಇರ್ತಿರ್ನಿಲ್ಲ,” ಎಂದರು. “ಓಗ್ಲಿ ಬುಡು.”

ಕೆಂಚಮ್ಮ ಎದ್ದು ಒಳಗೆ ಹೋದರು. ಆದರೆ ಕ್ಲಾಸು ಶುರುವಾದ ದಿನ ಮೊಮ್ಮಗಳಿಗೆ ಜಡೆ ಹಾಕಿ ಶಾಲೆಗೆ ಕಳಿಸಿದವರು ಅವರೇ. ಮೂರು ವರ್ಷವೂ ಕಳಿಸಿದರು.

ಈಗ ಲತಾಮಣಿ ರಾಮನಗರದ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸು. ಕೆಲಸಕ್ಕೆ ಸೇರಿದ ಎರಡನೆಯ ತಿಂಗಳು, ಚನ್ನಪಟ್ಟಣದ ಸಫೂರಾ ಎಂಬ ಎಪ್ಪತ್ತರ ಅಜ್ಜಿಗೆ ಎದೆಯ ಸೋಂಕಿನ ಇಂಜೆಕ್ಷನ್ ಕೊಡಬೇಕಿತ್ತು. ಅಜ್ಜಿಯ ಕೇಸ್ ಶೀಟಿನಲ್ಲಿ ಅಲರ್ಜಿ ಅನ್ನುವ ಜಾಗದಲ್ಲಿ ‘ಇಲ್ಲ’ ಎಂದು ಬರೆದಿತ್ತು. ಆದರೂ ಅಜ್ಜಿ ತೋಳು ಕೊಟ್ಟ ರೀತಿಯಲ್ಲಿ ಏನೋ ಅಳುಕಿತ್ತು. ಹಿಂದೆ ಯಾವಾಗಲಾದರೂ ಸೂಜಿಯಿಂದ ತೊಂದರೆಯಾಗಿತ್ತೇ ಎಂದು ಕೇಳಿದರೆ, ಮೂರು ವರ್ಷದ ಕೆಳಗೆ ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿದ್ದನ್ನು ಅಜ್ಜಿ ಸಂಕೋಚದಿಂದ ಹೇಳಿದಳು. ಯಾವ ಸೂಜಿಯೋ ಗೊತ್ತಿಲ್ಲ. ಲತಾಮಣಿ ಇಂಜೆಕ್ಷನ್ ಕೆಳಗಿಟ್ಟಳು. ಮಗ ಇದ್ರೀಸನಿಂದ ಮನೆಯಲ್ಲಿದ್ದ ಹಳೆಯ ಚೀಟಿಯ ಫೋಟೋ ತರಿಸಿದಳು. ಅದೇ ಔಷಧಿ. ಮೊದಲು ತಡವಾಯಿತೆಂದು ರೇಗಿದ ಡ್ಯೂಟಿ ಡಾಕ್ಟರು, ಫೋಟೋ ನೋಡಿ ಬೇರೆ ಔಷಧಿ ಬರೆದರು.

ಅದನ್ನು ಕೊಟ್ಟು, ಅಜ್ಜಿ ಕೇಳಿದಳೆಂದು ಬಿಸಿನೀರಿನಲ್ಲಿ ಅವಳ ಮುಖ, ಕೈ ಒರೆಸಿ, ದಿಂಬು ಸರಿಮಾಡಿದಳು. ಅಜ್ಜಿ ಹಾಯಾಗಿ ಉಸಿರಾಡುತ್ತ ನಿದ್ದೆಹೋದಳು. ಡ್ಯೂಟಿ ಮುಗಿಯಲು ಇನ್ನೂ ಎರಡು ಗಂಟೆಯಿತ್ತು, ಹೊಟ್ಟೆ ಹಸಿದಿತ್ತು. ಲತಾಮಣಿ ಕೈ ತೊಳೆದುಕೊಂಡು ಮುಂದಿನ ಮಂಚದ ಕಡೆಗೆ ನಡೆದಳು.