ಟಾರ್ಪಾಲಿನಡಿ ಕೂತ ಕಾರಿಗೆ ಬೆಲೆ ಏರುವುದಿಲ್ಲ

ಬೆಲೆ ಬಿದ್ದಾಗ ರಾಗಿ ಮಾರಬಾರದು, ಮೂಟೆ ಕಟ್ಟಿಟ್ಟು ಬೆಲೆ ಬಂದಾಗ ಬಿಡಬೇಕು. ಇದು ಕೈಲಾಂಚದ ಬೋರಲಿಂಗಯ್ಯನವರ ಲೆಕ್ಕ. ರಾಗಿಯಲ್ಲಿ ಅವರು ಯಾವತ್ತೂ ಕೈ ಸುಟ್ಟುಕೊಂಡವರಲ್ಲ. ತೊಂದರೆ ಆದದ್ದು ಅದೇ ಲೆಕ್ಕವನ್ನು ಕಾರಿಗೂ ಹಾಕಿದಾಗ.

ಕಾರು ಚಿಕ್ಕದು, ಕೊಂಡು ಐದು ವರ್ಷ. ಮದುವೆ, ಬೀಗರೂಟ ಬಿಟ್ಟರೆ ಅದನ್ನು ಹೊರಗೆ ತೆಗೆದವರಲ್ಲ. ಕೊಟ್ಟಿಗೆಯ ಹಸುವಿಗಾದರೂ ಸೊಳ್ಳೆ ಕಚ್ಚೀತು, ಟಾರ್ಪಾಲು ಹೊದ್ದ ಕಾರಿಗೆ ಬಿಸಿಲು ಸೋಕುವಂತಿರಲಿಲ್ಲ. ಹೆಂಡತಿ ಬೈರಮ್ಮನವರ ಮಂಡಿ ಸವೆದು ಆಪರೇಷನ್ ಆಗಬೇಕಿತ್ತು. ಕಾರು ಮಾರಿ ಮಾಡಿಸೋಣವೆಂದರೆ, ಬಂದ ವ್ಯಾಪಾರಿ ಕೇಳಿದ್ದು ಕೊಂಡ ಬೆಲೆಯ ಅರ್ಧಕ್ಕಿಂತ ಸ್ವಲ್ಪ ಮೇಲೆ. ಬೋರಲಿಂಗಯ್ಯ ಅವನನ್ನು ಹಾಗೇ ಕಳಿಸಿದರು. ಅದಾಗಿ ವರ್ಷ ಕಳೆಯಿತು. ಬೈರಮ್ಮ ಈಗ ಗೋಡೆ ಹಿಡಿದು ನಡೆಯುತ್ತಾರೆ.

ಪಕ್ಕದ ಮನೆಯ ಪ್ರತಿಮಾ ರಾಮನಗರದಲ್ಲಿ ಹಳೇ ಕಾರು ಮಾರುವ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಒಂದು ಭಾನುವಾರ ಬಂದು ಟಾರ್ಪಾಲು ಸರಿಸಿದಳು.

"ಮಾವ, ಇನ್ನೂ ಯಾಕೆ ಮಡಿಕ್ಕಂಡಿದ್ದೀರಾ?"

"ಬೆಲೆ ಬರ್ಲಿ ಅಂತ ಕಣವ್ವ. ಓಡ್ಸೇ ಇಲ್ಲ, ಹೊಸದು ಇದ್ದಂಗೈತೆ. ಕಮ್ಮಿಗ್ಯಾಕೆ ಕೊಡ್ಲಿ?"

"ಎಷ್ಟು ಓಡೈತೆ ಅಂತ್ಲೂ ನೋಡ್ತಾರೆ ಮಾವ. ಆದ್ರೆ ಯಾವ ವರ್ಷದ ಗಾಡಿ ಅಂತ ಮೊದ್ಲೇ ಕೇಳ್ತಾರೆ. ನೀವು ಓಡಿಸ್ದಿದ್ರೂ ಅದರ ವಯಸ್ಸು ನಿಲ್ಲಾಕಿಲ್ಲ. ಹೊಸ ಮಾಡಲ್ ಬಂದ್ಬುಟ್ರೆ ಹಳೇದ್ನ ಕೇಳೋರು ಇನ್ನೂ ಕಮ್ಮಿ. ಒಸಿ ಸ್ಟಾರ್ಟ್ ಮಾಡಿ, ನೋಡುವಾ."

ಕೀ ತಿರುಗಿಸಿದರೆ ಕಾರು ಉಸಿರೆತ್ತಲಿಲ್ಲ. ಬ್ಯಾಟರಿ ಸತ್ತಿತ್ತು. ಬಾನೆಟ್ ಎತ್ತಿದರೆ ಇಲಿ ವೈರು ಕಡಿದಿತ್ತು.

"ಹಂಗಾರೆ ಮುಂದಿನ ವರ್ಷ?" ಬೋರಲಿಂಗಯ್ಯ ಮೆಲ್ಲಗೆ ಕೇಳಿದರು.

"ಇನ್ನೂ ಕಮ್ಮಿ. ರಾಗಿ ಬೆಲೆ ಬಿದ್ರೂ ಏಳ್ತದೆ ಮಾವ. ಇದು ಏಳಾಕಿಲ್ಲ."

ಬಾಗಿಲಲ್ಲಿ ಕೂತಿದ್ದ ಬೈರಮ್ಮ ದನಿ ಏರಿಸದೆ ಅಂದರು, "ನೀವು ಕಾಯ್ತೀರಾ ಅಂತ ನನ್ನ ಕಾಲು ಕಾಯ್ತದಾ?"

ಬೋರಲಿಂಗಯ್ಯನವರ ಮುಖ ಸಣ್ಣದಾಯಿತು. ತನ್ನ ಹಠಕ್ಕೆ ಹೆಂಡತಿ ಒಂದು ವರ್ಷ ನೋವು ತಿಂದಳಲ್ಲ ಎಂದು ನಿಜಕ್ಕೂ ಸಂಕಟವಾಯಿತು. ಆ ವಾರವೇ ವೈರು, ಬ್ಯಾಟರಿ ಸರಿ ಮಾಡಿಸಿ, ನಾಲ್ಕು ಕಡೆ ವಿಚಾರಿಸಿ ಕಾರು ಮಾರಿದರು. ಮೊದಲ ವ್ಯಾಪಾರಿ ಕೇಳಿದ್ದಕ್ಕಿಂತ ಕಡಿಮೆಯೇ ಸಿಕ್ಕಿತು. ಕೊರತೆ ತುಂಬಲು ಹಾಲು ಕರೆಯುವ ಹಸು ಒಂದನ್ನೂ ಮಾರಬೇಕಾಯಿತು. ಬೈರಮ್ಮನವರ ಆಪರೇಷನ್ ಆಯಿತು.

ಅಣ್ಣಂದಿರೇ, ಅಕ್ಕಂದಿರೇ, ಕಾರು ಕೊಳ್ಳಬೇಡಿ ಎನ್ನುತ್ತಿಲ್ಲ. ಓಡಾಡುವುದಕ್ಕೆ ಕೊಳ್ಳಿ, ಉಳಿತಾಯವೆಂದು ಕೊಳ್ಳಬೇಡಿ. ಕೊಂಡ ಮೇಲೆ ಆಗಾಗ ಓಡಿಸಿ, ಸರ್ವೀಸ್ ಮಾಡಿಸಿ, ಬಿಲ್ಲು ಎತ್ತಿಡಿ, ಇನ್ಶೂರೆನ್ಸ್ ತಪ್ಪಿಸಬೇಡಿ. ಮಾರುವ ಮನಸ್ಸಿದ್ದರೆ ಇವತ್ತೇ ಬೆಲೆ ವಿಚಾರಿಸಿ. ನಿಮ್ಮ ಮನೆಯಲ್ಲೂ ಯಾರದೋ ಚಿಕಿತ್ಸೆ, ಯಾರದೋ ಓದು ಆ ಕಾರನ್ನೇ ನಂಬಿ ಕೂತಿರಬಹುದು.